ಎಳೆದಷ್ಟೂ ಬಿಗಿಯಾದ ಬಾಗಿಲು

ಮಗಳ ಬಾಣಂತನಕ್ಕೆಂದು ನಾನು ಅಮೇರಿಕಾಕ್ಕೆ ಹೋದದ್ದು 2019ರ ಜನವರಿಯಲ್ಲಿ. ಅಳಿಯನಿಗೆ ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದ ಹತ್ತಿರ ಕೆಲಸ. ಹಳೆಯದಾದರೂ ಸ್ವಂತ ಮನೆ. ಪುತ್ತೂರಿನಿಂದ ಹೊರಡುವಾಗ ನನ್ನ ಎರಡು ಪೆಟ್ಟಿಗೆಗಳಲ್ಲಿ ಬಾಣಂತಿಯ ಲೇಹ್ಯದ ಸಾಮಾನು, ಕೊತ್ತಂಬರಿ, ಜೀರಿಗೆ, ಮೆಂತೆ, ಕುಚ್ಚಿಲಕ್ಕಿ, ಜೊತೆಗೆ ಹಳೆ ಸೀರೆಯಲ್ಲಿ ಸುತ್ತಿದ ಒಂದು ಕಬ್ಬಿಣದ ಕಾವಲಿ ಇತ್ತು. ಅದು ನನ್ನ ಉಮ್ಮ ನನಗೆ ಮದುವೆಯಲ್ಲಿ ಕೊಟ್ಟದ್ದು. ಮೂವತ್ತೈದು ವರ್ಷ ನೀರುದೋಸೆ ಹೊಯ್ದು ಹೊಯ್ದು ಕನ್ನಡಿಯ ಹಾಗೆ ಕಪ್ಪಗೆ ಮಿನುಗುತ್ತಿತ್ತು. ಮಗಳಿಗೆ ಕೊಡೋಣವೆಂದು ತೆಗೆದುಕೊಂಡು ಹೋಗಿದ್ದೆ. ಈ ಬರಹಕ್ಕೆ ಕಾರಣವಾದದ್ದೂ ಆ ಕಾವಲಿಯೇ.

ಅಲ್ಲಿ ತಲುಪಿದ ಮೊದಲ ದಿನಗಳಲ್ಲಿ ನನಗೆ ಅನಿಸಿದ್ದು ಒಂದೇ, ಈ ಮನೆಯಲ್ಲಿ ನನ್ನಿಂದ ಯಾವ ಉಪಕಾರವೂ ಆಗುವುದಿಲ್ಲ ಎಂದು. ಒಲೆ ಹಚ್ಚಲು ಗುಂಡಿ, ಪಾತ್ರೆ ತೊಳೆಯಲು ಯಂತ್ರ, ಬಟ್ಟೆ ಒಣಗಿಸಲೂ ಯಂತ್ರ. ನಾನು ಯಾವುದಕ್ಕೆ ಕೈ ಹಾಕಿದರೂ ಮಗಳು, "ಉಮ್ಮಾ, ಬಿಡಿ, ನಾನು ಮಾಡ್ತೇನೆ" ಎನ್ನುತ್ತಿದ್ದಳು. ತುಂಬು ಬಸುರಿ ಮಗಳಿಗೆ ಸಹಾಯ ಮಾಡಲೆಂದು ಸಮುದ್ರ ದಾಟಿ ಬಂದವಳು ಸೋಫಾದ ಮೇಲೆ ಕುಳಿತಿರುವುದೆಂದರೆ ಎಂತಹ ಸಂಕಟವೆಂದು ಹಾಗೆ ಹೋಗಿ ಬಂದ ತಾಯಂದಿರಿಗೆಲ್ಲಾ ಗೊತ್ತಿರಬಹುದು.

ಅಡುಗೆಮನೆಯ ನಡುವೆ ದೊಡ್ಡದೊಂದು ಕರೆಂಟಿನ ಒಲೆ ಇತ್ತು. ಮೇಲೆ ನಾಲ್ಕು ಒಲೆ, ಕೆಳಗೆ ಒಂದು ಆಡಿನ ತೊಡೆ ಹಿಡಿಸುವಷ್ಟು ದೊಡ್ಡ ಓವನ್. ಹಿಂದಿನ ಮಾಲೀಕರು ಮನೆ ಮಾರುವಾಗ ಬಿಟ್ಟು ಹೋದದ್ದಂತೆ. ಅಲ್ಲಿರುವ ನಮ್ಮವರ ಮನೆಗಳಲ್ಲಿ ನಾನು ಕಂಡ ಒಂದು ತಮಾಷೆ ಏನೆಂದರೆ, ಓವನ್ ಬೇಯಿಸುವುದಕ್ಕಿಂತ ಹೆಚ್ಚಾಗಿ ಕಪಾಟಿನ ಕೆಲಸ ಮಾಡುತ್ತದೆ. ತವ, ಬಾಣಲೆ, ಇಡ್ಲಿ ಅಟ್ಟ ಎಲ್ಲವೂ ಅದರೊಳಗೆ. ನನ್ನ ಕಾವಲಿಗೂ ಅಲ್ಲೇ ಜಾಗ ಸಿಕ್ಕಿತ್ತು.

ಒಂದು ಗುರುವಾರ ಬೆಳಿಗ್ಗೆ ಮಗಳಿಗೆ ನೋವು ಕಾಣಿಸಿಕೊಂಡಿತು. ಅಳಿಯ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಮನೆಯಲ್ಲಿ ನಾನೊಬ್ಬಳೇ. ಕೈಕಾಲು ನಿಲ್ಲಲಿಲ್ಲ. ಮಗು ಬರುವುದರೊಳಗೆ ಮನೆ ಹೊಳೆಯುವ ಹಾಗೆ ಮಾಡಬೇಕೆಂದು ಗುಡಿಸಿದೆ, ಒರೆಸಿದೆ. ಕೊನೆಗೆ ಕಣ್ಣು ಓವನ್ ಮೇಲೆ ಬಿತ್ತು. ಅದರ ತಳದಲ್ಲಿ ಯಾವಾಗಲೋ ಚೆಲ್ಲಿದ ಕೋಳಿಯ ನೆಣ ಕರಿ ಹಿಡಿದು ಕುಳಿತಿತ್ತು. ಉಜ್ಜಿದರೆ ಹೋಗಲಿಲ್ಲ. ಆಗ ಮಗಳು ಒಮ್ಮೆ ಹೇಳಿದ್ದು ನೆನಪಾಯಿತು. "ಅದು ತನ್ನಷ್ಟಕ್ಕೆ ಕ್ಲೀನ್ ಆಗ್ತದೆ ಉಮ್ಮಾ, ಒಂದು ಬಟನ್ ಒತ್ತಿದರೆ ಸಾಕು."

ನಾನು ಎಸ್ಸೆಸ್ಸೆಲ್ಸಿ ತನಕ ಓದಿದವಳು. ಇಂಗ್ಲಿಷ್ ಅಕ್ಷರ ಓದಲು ಬರುತ್ತದೆ. 'ಸೆಲ್ಫ್ ಕ್ಲೀನ್' ಎಂಬ ಗುಂಡಿ ಸಿಕ್ಕಿತು. ಪಾತ್ರೆಗಳನ್ನೆಲ್ಲಾ ಹೊರಗೆ ತೆಗೆದೆ. ಕಾವಲಿಯನ್ನು ಮಾತ್ರ ತೆಗೆಯಲಿಲ್ಲ. ಬೆಂಕಿಯ ಮೇಲೆಯೇ ಬದುಕಿದ ಕಬ್ಬಿಣಕ್ಕೆ ಬೆಂಕಿ ಏನು ಮಾಡೀತು, ಅದೂ ಒಮ್ಮೆ ಸ್ವಚ್ಛವಾಗಲಿ ಎಂದುಕೊಂಡೆ. ಬಿಸ್ಮಿಲ್ಲಾ ಹೇಳಿ ಗುಂಡಿ ಒತ್ತಿದೆ, ನಂತರ 'ಸ್ಟಾರ್ಟ್' ಒತ್ತಿದೆ. ಒಳಗೆ ಹೊಲಿಗೆ ಯಂತ್ರದ ಮೋಟಾರಿನಂತೆ 'ಗುರ್‍ರ್' ಎಂಬ ಸದ್ದು, ಆಮೇಲೆ 'ಟಕ್' ಎಂದಿತು. 'ಲಾಕ್ಡ್' ಎಂಬ ಕೆಂಪು ಅಕ್ಷರ ಹತ್ತಿತು. ನಾನು ಸಮಾಧಾನದಿಂದ ಮೆಂತೆ ಹುರಿಯಲು ಕುಳಿತೆ.

ಸುಮಾರು ಅರ್ಧ ಗಂಟೆಯಾಗಿರಬೇಕು. ಸುಟ್ಟ ಎಣ್ಣೆಯ ವಾಸನೆ ಬಂತು. ನೋಡಿದರೆ ಓವನ್ ಬಾಗಿಲ ಸಂದಿಯಿಂದ ಹೊಗೆ! ಮೂವತ್ತೈದು ವರ್ಷ ಕಾವಲಿ ಕುಡಿದ ಎಣ್ಣೆಯೆಲ್ಲಾ ಒಮ್ಮೆಲೇ ಉರಿಯುತ್ತಿತ್ತೋ ಏನೋ. ಗಾಜಿನ ಆಚೆ ಒಮ್ಮೆ ಕಿತ್ತಳೆ ಬಣ್ಣ ಮಿಂಚಿದಂತಾಯಿತು. ಮಾಳಿಗೆಯಲ್ಲಿದ್ದ ಹೊಗೆಯ ಅಲಾರಂ ಕಿವಿ ಹರಿಯುವಂತೆ ಕೂಗತೊಡಗಿತು. ನಾನು ಓಡಿ ಹೋಗಿ ಬಾಗಿಲ ಹಿಡಿಯನ್ನು ಎಳೆದೆ. ತೆರೆಯಲಿಲ್ಲ. ಬಟ್ಟೆ ಸುತ್ತಿ ಎರಡೂ ಕೈಯಿಂದ ಎಳೆದೆ. ಕಾಲು ಕೊಟ್ಟು ಎಳೆದೆ. ಕೊನೆಗೆ ಚೂರಿಯನ್ನು ಸಂದಿಗೆ ತುರುಕಿ ಎಬ್ಬಲು ನೋಡಿದೆ. ಅದು ಕರೆಂಟಿನ ಒಲೆ, ನನ್ನ ಕೈಯಲ್ಲಿರುವುದು ಕಬ್ಬಿಣದ ಚೂರಿ ಎಂಬ ಬುದ್ಧಿಯೂ ಆಗ ಇರಲಿಲ್ಲ.

ಸರಿಯಾಗಿ ಆ ಹೊತ್ತಿಗೆ ಫೋನ್ ಹೊಡೆದುಕೊಂಡಿತು. ಅಳಿಯ. "ಹೆಣ್ಣು ಮಗು ಅತ್ತೆ. ಇಬ್ಬರೂ ಚೆನ್ನಾಗಿದ್ದಾರೆ. ಅದೇನು ಸದ್ದು?" "ಏನಿಲ್ಲ ಮಗಾ, ಅಲ್‌ಹಮ್ದುಲಿಲ್ಲಾಹ್, ನೀನು ಅವಳ ಹತ್ತಿರ ಇರು" ಎಂದೆ. ಮೊಮ್ಮಗಳು ಹುಟ್ಟಿದ ಸುದ್ದಿ ಕೇಳಿದ ಬಾಯಲ್ಲೇ ಸುಳ್ಳು ಹೇಳಿದ್ದು ಇಂದಿಗೂ ಮನಸ್ಸಿಗೆ ಚುಚ್ಚುತ್ತದೆ.

ಅಲಾರಂ ಕೇಳಿ ಎರಡು ಮನೆ ಆಚೆಯ ಹೈದರಾಬಾದಿನ ಸಹೋದರಿಯೊಬ್ಬರು ಓಡಿ ಬಂದರು. ಅವರು ಮೊದಲು ಮಾಡಿದ್ದು ನನ್ನ ಕೈಯಿಂದ ಚೂರಿ ಕಿತ್ತುಕೊಂಡದ್ದು. ನಂತರ 'ಕ್ಯಾನ್ಸಲ್' ಗುಂಡಿ ಒತ್ತಿದರು, ಒಲೆಯ ಮೇಲಿನ ಫ್ಯಾನ್ ಹಾಕಿದರು, ಕಿಟಕಿಗಳನ್ನೆಲ್ಲಾ ತೆರೆದರು. "ಬಾಗಿಲು ತೆರೆಯಬೇಡಿ ಆಂಟೀ. ಒಳಗೆ ಬೆಂಕಿ ಇದ್ದರೆ ಗಾಳಿ ಸಿಕ್ಕಿದ ಕೂಡಲೇ ಭಗ್ಗನೆ ಏಳುತ್ತದೆ. ಮುಚ್ಚಿಯೇ ಇದ್ದರೆ ಗಾಳಿಯಿಲ್ಲದೆ ತಾನೇ ಆರುತ್ತದೆ" ಎಂದು ಉರ್ದುವಿನಲ್ಲಿ ಹೇಳಿದರು. ಹಾಗೆಯೇ ಆಯಿತು. ಉರಿ ಹೆಚ್ಚಿದರೆ ಅಗ್ನಿಶಾಮಕ ದಳಕ್ಕೆ 911 ಒತ್ತಲು ಫೋನ್ ಕೈಯಲ್ಲೇ ಹಿಡಿದುಕೊಂಡು ನಿಂತಿದ್ದರು. ಅದರ ಅಗತ್ಯ ಬರಲಿಲ್ಲ. ಹೊಗೆ ಕಡಿಮೆಯಾಯಿತು, ಅಲಾರಂ ನಿಂತಿತು. ನಾನು ನೆಲದ ಮೇಲೆ ಕುಳಿತುಬಿಟ್ಟೆ.

ಅಂದರೆ ನಾನು ಶಪಿಸುತ್ತಾ ಎಳೆಯುತ್ತಿದ್ದ ಆ ಬೀಗವೇ ನನ್ನ ಮುಖ ಉಳಿಸಿತ್ತು.

ರಾತ್ರಿ ಹತ್ತು ಗಂಟೆಯ ಹೊತ್ತಿಗೆ ಓವನ್ ಮುಟ್ಟಿದರೆ ತಣ್ಣಗಿತ್ತು. ಆದರೆ ಬಾಗಿಲು ತೆರೆಯಲಿಲ್ಲ. ಕೆಂಪು ದೀಪ ಮಿಣುಕುತ್ತಿತ್ತು. ಗಡಿಯಾರ ಕಾಣುವ ಜಾಗದಲ್ಲಿ 'ಎಫ್' ಎಂಬ ಅಕ್ಷರ, ಪಕ್ಕದಲ್ಲೊಂದು ಅಂಕೆ. ಕೆಲವು ಸೆಕೆಂಡಿಗೊಮ್ಮೆ 'ಬೀಪ್' ಎಂಬ ಕೂಗು. ಅಳಿಯ ಬಂದವನು ನನ್ನ ಮುಖ ನೋಡಿಯೇ ವಿಷಯ ಕೇಳಿದ. ಎಲ್ಲವನ್ನೂ ಹೇಳಿದೆ. ಅವನು ಸಿಟ್ಟಾಗಲಿಲ್ಲ. ಅವನೂ ಹೋಗಿ ಒಮ್ಮೆ ಬಲವಾಗಿ ಎಳೆದ! ಬೀಗ ಕಂಡರೆ ಎಳೆಯುವುದು ಮನುಷ್ಯರ ಗುಣವೇ ಇರಬೇಕು. "ಅವಳಿಗೆ ಈಗ ಹೇಳುವುದು ಬೇಡ" ಎಂದು ಇಬ್ಬರೂ ತೀರ್ಮಾನಿಸಿದೆವು.

ಶುಕ್ರವಾರ ಬೆಳಿಗ್ಗೆ ಅವನು ರಿಪೇರಿಯವರಿಗೆ ಫೋನ್ ಮಾಡಿದ. ಬುಧವಾರಕ್ಕೆ ಮೊದಲು ಬಿಡುವಿಲ್ಲ, ಬಂದು ನೋಡುವುದಕ್ಕೇ 90 ಡಾಲರ್ ಎಂದರು. ಆ ಕೂಗುವ ಯಂತ್ರವನ್ನು ಇಟ್ಟುಕೊಂಡು ಶನಿವಾರ ಬಾಣಂತಿಯನ್ನೂ ಹಸುಗೂಸನ್ನೂ ಮನೆಗೆ ತರುವುದು ಹೇಗೆ? ಅಳಿಯ ಕಂಪ್ಯೂಟರ್ ಕೆಲಸದವನು. ಸ್ಕ್ರೂಡ್ರೈವರ್ ಹಿಡಿದು ಗೊತ್ತಿಲ್ಲ. ಅಡುಗೆಮನೆಯ ಡ್ರಾವರ್ ತಡಕಾಡಿದಾಗ ಹಿಂದಿನ ಮಾಲೀಕರು ಇಟ್ಟುಹೋದ ಓವನ್ ಪುಸ್ತಕ ಸಿಕ್ಕಿತು. ಅವನು ಓದಿ ಓದಿ ನನಗೆ ಅರ್ಥ ಹೇಳಿದ. ನಾನು ಕೇಳಿದೆ.

ಆಗ ತಿಳಿದ ವಿಷಯ ಇಷ್ಟು. ನಮ್ಮ ಊರಿನ ಕೇಕ್ ಮಾಡುವ ಸಣ್ಣ ಓವನ್‌ಗಳು ಸಾಮಾನ್ಯವಾಗಿ 250 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತವೆ. ಅವುಗಳ ಬಾಗಿಲಿಗೆ ಬೀಗವಿಲ್ಲ, ಬೇಕಾಗಿಯೂ ಇಲ್ಲ. ಆದರೆ ತನ್ನಷ್ಟಕ್ಕೆ ಸ್ವಚ್ಛವಾಗುವ ಓವನ್ ಸಾಬೂನು ನೀರಿನಿಂದ ತೊಳೆಯುವುದಿಲ್ಲ. ಒಳಗಿನ ಶಾಖವನ್ನು ಸುಮಾರು 480 ಡಿಗ್ರಿಗೆ ಏರಿಸಿ, ಎರಡರಿಂದ ನಾಲ್ಕು ಗಂಟೆ ಹಾಗೆಯೇ ಇಟ್ಟು, ಅಂಟಿದ ಜಿಡ್ಡನ್ನೆಲ್ಲಾ ಸುಟ್ಟು ಬೂದಿ ಮಾಡುತ್ತದೆ. 1963ರಲ್ಲಿಯೇ ಇಂತಹ ಓವನ್ ಅಮೇರಿಕಾದಲ್ಲಿ ಮಾರಾಟಕ್ಕೆ ಬಂದಿತ್ತಂತೆ. ಆ ಶಾಖದಲ್ಲಿ ಯಾರಾದರೂ ಬಾಗಿಲು ತೆರೆದರೆ ಮುಖ, ಕೈ ಉಳಿಯಲಿಕ್ಕಿಲ್ಲ. ಅದಕ್ಕೇ ಯಂತ್ರ ತಾನೇ ಬೀಗ ಹಾಕಿಕೊಳ್ಳುತ್ತದೆ. ಶಾಖ ಸಾಕಷ್ಟು ಇಳಿಯಿತೆಂದು ಖಾತ್ರಿಯಾಗುವ ತನಕ ತೆಗೆಯುವುದಿಲ್ಲ.

ಖಾತ್ರಿಯಾಗುವುದು ಹೇಗೆ? ಒಳಗಿನ ಗೋಡೆಯಲ್ಲಿ ಪೆನ್ಸಿಲಿನಂತಹ ಒಂದು ಕಡ್ಡಿ ಇರುತ್ತದೆ. ಅದು ಶಾಖ ಎಷ್ಟೆಂದು ಹೇಳುತ್ತದೆ. ಬಾಗಿಲ ಮೇಲ್ಭಾಗದಲ್ಲಿ ಕೊಕ್ಕೆಯೊಂದಿದೆ. ಅದನ್ನು ಆಚೀಚೆ ಸರಿಸಲು ಪುಟ್ಟ ಮೋಟಾರು. ಕೊಕ್ಕೆ ಎಲ್ಲಿದೆ ಎಂದು ತಿಳಿಸಲು ಸಣ್ಣ ಸ್ವಿಚ್ಚುಗಳು. ಈ ಮೂವರ ಸಾಕ್ಷ್ಯ ತಾಳೆಯಾದರೆ ಬೀಗ ತೆರೆಯುತ್ತದೆ. ಒಬ್ಬರು ಬಾಯಿ ಮುಚ್ಚಿದರೂ ಯಂತ್ರ ಹೆದರಿ ಬಾಗಿಲು ಬಿಡುವುದಿಲ್ಲ, 'ಎಫ್' ಎಂದು ಕೂಗುತ್ತದೆ. ಅಂದರೆ ಅದು ಹಠ ಮಾಡುವುದಲ್ಲ, ಅದಕ್ಕೆ ಇನ್ನೂ ಧೈರ್ಯ ಬಂದಿಲ್ಲ ಎಂದರ್ಥ. ಈ ಮಾತು ಅಳಿಯ ಹೇಳಿದಾಗ ನನಗೆ ಆ ಯಂತ್ರದ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು.

ಪುಸ್ತಕ ಹೇಳಿದಂತೆ ಮೊದಲು ಕರೆಂಟು ತೆಗೆಯಬೇಕಿತ್ತು. ಒಲೆಯ ಗುಂಡಿ ಆರಿಸಿದರೆ ಸಾಲದು, ಮನೆಯ ಸ್ವಿಚ್ ಪೆಟ್ಟಿಗೆಯಲ್ಲೇ ತೆಗೆಯಬೇಕು. ಅಲ್ಲಿ ಇಂತಹ ಒಲೆಗೆ 240 ವೋಲ್ಟಿನ ಬೇರೆಯೇ ಸಂಪರ್ಕ. ಗ್ಯಾರೇಜಿನ ಪೆಟ್ಟಿಗೆ ತೆರೆದಾಗ ಒಂದಕ್ಕೊಂದು ಜೋಡಿಸಿದ ಎರಡು ಸ್ವಿಚ್ಚುಗಳ ಪಕ್ಕ 'ರೇಂಜ್' ಎಂದು ಬರೆದಿತ್ತು. ಅಳಿಯನಿಗೆ ಆ ಮನೆಯಲ್ಲಿ ಮೂರು ವರ್ಷವಾಗಿದ್ದರೂ ಆ ಪೆಟ್ಟಿಗೆಯನ್ನು ತೆರೆದದ್ದು ಅದೇ ಮೊದಲಂತೆ. ಆರಿಸಿ ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿದೆವು. ಬೀಪ್ ನಿಂತಿತು. ಗಡಿಯಾರ ಹನ್ನೆರಡು ಗಂಟೆಯೆಂದು ಮಿಣುಕಿತು. ಒಳಗೆ ಮೋಟಾರು 'ಗುರ್‍ರ್' ಎಂದಿತು. ನಮ್ಮ ಮುಖ ಅರಳಿತು. ಅಷ್ಟರಲ್ಲಿ 'ಙ್ಞ' ಎಂದು ಮುಲುಕಿ ನಿಂತೇಬಿಟ್ಟಿತು. ಮತ್ತೆ 'ಎಫ್'.

ಅಳಿಯ ಕೈಚೆಲ್ಲಿದ. ನನಗೆ ಮಾತ್ರ ಆ ಮುಲುಕು ಕೇಳಿ ಬೇರೆಯೇ ಹೊಳೆಯಿತು. ನಾನು ಇಪ್ಪತ್ತು ವರ್ಷ ಮೋಟಾರಿನ ಹೊಲಿಗೆ ಯಂತ್ರದಲ್ಲಿ ಊರಿನವರ ಬಟ್ಟೆ ಹೊಲಿದವಳು. ಮೋಟಾರು ಸತ್ತರೆ ಸದ್ದೇ ಇರುವುದಿಲ್ಲ. ದಪ್ಪ ಬಟ್ಟೆಯ ಮಡಿಕೆಯಲ್ಲಿ ಸೂಜಿ ಸಿಕ್ಕಿಕೊಂಡಾಗ ಮಾತ್ರ ಅದು ಹಾಗೆ ಮುಲುಕುತ್ತದೆ. "ಮಗಾ, ಮೋಟಾರಿಗೆ ಏನೂ ಆಗಿಲ್ಲ. ಕೊಕ್ಕೆ ಎಲ್ಲೋ ಬಿಗಿಯಾಗಿ ಕಚ್ಚಿಕೊಂಡಿದೆ" ಎಂದೆ. ಕಚ್ಚಿಕೊಳ್ಳುವಂತೆ ಮಾಡಿದವರು ಯಾರು? ನಿನ್ನೆ ಕಾಲು ಕೊಟ್ಟು ಎಳೆದವಳು ನಾನೇ ತಾನೆ!

ಆಗ ನೆನಪಾದದ್ದು ನಮ್ಮ ಪ್ರೆಶರ್ ಕುಕ್ಕರ್. ನನ್ನ ನಾದಿನಿ ಮದುವೆಯಾದ ಹೊಸದರಲ್ಲಿ, ಗಂಡನಿಗೆ ಹೊತ್ತಾಯಿತೆಂದು, ಆವಿ ಇಳಿಯುವ ಮೊದಲೇ ಕುಕ್ಕರಿನ ಮುಚ್ಚಳ ತಿರುಗಿಸಿದ್ದಳು. ಕುದಿಯುವ ಬೇಳೆ ಮೊಣಕೈಯಿಂದ ಬೆರಳ ತುದಿಯವರೆಗೆ ಬಿದ್ದಿತ್ತು. ಇವತ್ತಿಗೂ ಅವಳು ಉದ್ದ ತೋಳಿನ ರವಿಕೆಯನ್ನೇ ಹೊಲಿಸುವುದು. ಅಂದಿನಿಂದ ನಮ್ಮ ಮನೆಯಲ್ಲಿ ಮುಚ್ಚಳ ಒಳಗೆ ಕೂರುವ ಕುಕ್ಕರನ್ನೇ ಬಳಸುತ್ತಿದ್ದೇವೆ. ಅದರ ಗುಣ ಎಲ್ಲರಿಗೂ ಗೊತ್ತಿರುವುದೇ. ಒಳಗೆ ಆವಿ ಇರುವಷ್ಟು ಹೊತ್ತು ಅದೇ ಮುಚ್ಚಳವನ್ನು ಮೇಲಕ್ಕೆ ಒತ್ತಿ ಹಿಡಿದಿರುತ್ತದೆ. ಆವಿ ಇಳಿದ ಮೇಲೂ ಮುಚ್ಚಳವನ್ನು ಮೇಲಕ್ಕೆ ಎಳೆದರೆ ಬರುವುದಿಲ್ಲ. ಮೊದಲು ಸ್ವಲ್ಪ ಕೆಳಗೆ ಒತ್ತಿ, ಓರೆ ಮಾಡಿ, ಆಮೇಲೆ ತೆಗೆಯಬೇಕು. ದಿನಕ್ಕೆ ಎರಡು ಬಾರಿ ನನ್ನ ಕೈ ಮಾಡುತ್ತಿದ್ದ ಕೆಲಸವದು. ಅದು ನನ್ನ ತಲೆಗೆ ಹೊಳೆಯಲು ಅಮೇರಿಕಾಕ್ಕೆ ಬರಬೇಕಾಯಿತು.

"ಬಾಗಿಲನ್ನು ಎಳೆಯುವುದು ಬೇಡ. ಒಳಕ್ಕೆ ಒತ್ತಿ ನೋಡೋಣ" ಎಂದೆ.

ಪುಸ್ತಕದಲ್ಲಿ ಮತ್ತೊಂದು ಉಪಾಯವೂ ಇತ್ತು. ಕ್ಲೀನ್ ಗುಂಡಿಯನ್ನು ಮತ್ತೆ ಒತ್ತಿ, ಒಂದು ನಿಮಿಷದೊಳಗೆ ಕ್ಯಾನ್ಸಲ್ ಮಾಡಬೇಕು. ಅಷ್ಟರಲ್ಲಿ ಓವನ್ ಕಾಯುವುದಿಲ್ಲ, ಆದರೆ ಮೋಟಾರು ಬೀಗವನ್ನು ಒಮ್ಮೆ ಹಾಕಿ, ಮತ್ತೆ ತೆಗೆಯಲು ಯತ್ನಿಸುತ್ತದೆ. ಅಳಿಯ ಗುಂಡಿ ಒತ್ತಲು ನಿಂತ. ನಾನು ಎರಡೂ ಅಂಗೈಯನ್ನು ಬಾಗಿಲ ಮೇಲ್ತುದಿಗೆ ಇಟ್ಟು ಮೆಲ್ಲನೆ ಒಳಕ್ಕೆ ಒತ್ತಿ ಹಿಡಿದೆ. 'ಗುರ್‍ರ್' ಎಂದಿತು. ಅವನು ಕ್ಯಾನ್ಸಲ್ ಒತ್ತಿದ. ಮತ್ತೆ 'ಗುರ್‍ರ್'. ಈ ಸಲ ಮುಲುಕಲಿಲ್ಲ. 'ಟಕ್' ಎಂದು ಕೊಕ್ಕೆ ಸರಿದದ್ದು ನನ್ನ ಅಂಗೈಗೇ ತಿಳಿಯಿತು. ಕೆಂಪು ದೀಪ ಆರಿತು. ಹಿಡಿಯನ್ನು ಎರಡು ಬೆರಳಲ್ಲಿ ಹಿಡಿದರೆ ಬಾಗಿಲು ಮಗುವಿನ ತೊಟ್ಟಿಲಿನಂತೆ ಹಗುರಾಗಿ ಕೆಳಗಿಳಿಯಿತು. ಅಳಿಯ ಚಪ್ಪಾಳೆ ತಟ್ಟಿದ.

ಒಳಗೆ ತಳದ ಜಿಡ್ಡು ಅಲ್ಲಲ್ಲಿ ಬೂದಿಯಾಗಿತ್ತು. ಉಳಿದದ್ದು ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಹೋಯಿತು. ಹೊಳೆಯುತ್ತಿದ್ದ ಸರಳುಗಳು ಮಂಕಾಗಿದ್ದವು, ಸರಾಗವಾಗಿ ಸರಿಯುತ್ತಿರಲಿಲ್ಲ. ಕಾವಲಿಯನ್ನು ನೋಡಿದಾಗ ಮಾತ್ರ ಕಣ್ಣು ತುಂಬಿತು. ಆ ಕಪ್ಪು ಮಿನುಗು ಹೋಗಿ ಬೂದು ಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ಒರಟು. ಮೂವತ್ತೈದು ವರ್ಷದ ಎಣ್ಣೆಯ ಪದರವನ್ನು ಅರ್ಧ ದಿನ ತಿಂದು ಹಾಕಿತ್ತು.

ಶನಿವಾರ ಮಗಳು, ಮೊಮ್ಮಗಳು ಮನೆಗೆ ಬಂದರು. ಮಗುವನ್ನು ಎತ್ತಿಕೊಂಡ ಮೇಲೆ ಓವನ್ ಯಾರಿಗೆ ಬೇಕು? ಆದರೆ ಭಾನುವಾರ ರಾತ್ರಿ ಎರಡು ಗಂಟೆಗೆ, ಯಾರೂ ಮುಟ್ಟದೆಯೇ, ಅಡುಗೆಮನೆಯಿಂದ 'ಬೀಪ್, ಬೀಪ್' ಎಂಬ ಕೂಗು! ಕಷ್ಟದಲ್ಲಿ ಮಲಗಿದ್ದ ಮಗು ಎದ್ದು ಅತ್ತಿತು. ಮತ್ತದೇ 'ಎಫ್'. ಈ ಬಾರಿ ಬಾಗಿಲೇನೋ ತೆರೆದಿತ್ತು, ಆದರೂ ಬೀಗದ ದೀಪ ಮಿಣುಕುತ್ತಿತ್ತು. ನಾನು ಯಾರನ್ನೂ ಎಬ್ಬಿಸದೆ ಗ್ಯಾರೇಜಿಗೆ ಹೋಗಿ ಆ ಜೋಡಿ ಸ್ವಿಚ್ಚನ್ನು ಆರಿಸಿದೆ. ಬುಧವಾರದವರೆಗೆ ಹಾಗೆಯೇ ಇರಲೆಂದು ನಿರ್ಧರಿಸಿದೆವು. ಅಷ್ಟು ದಿನ ಗಂಜಿ, ಸಾರು ಎಲ್ಲವೂ ಹೈದರಾಬಾದಿನ ಸಹೋದರಿ ಕೊಟ್ಟ ಸಣ್ಣ ವಿದ್ಯುತ್ ಒಲೆಯ ಮೇಲೆ.

ಮಗಳು ಕೇಳದೆ ಬಿಟ್ಟಾಳೆಯೇ? "ಒಲೆಗೆ ಏನಾಯ್ತು ಉಮ್ಮಾ?" ನಾನು ಎಲ್ಲವನ್ನೂ ಹೇಳಿದೆ. ಚೂರಿಯ ಸಂಗತಿಯನ್ನೂ ಬಿಡಲಿಲ್ಲ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಮಗುವನ್ನು ಕೆಳಗಿಟ್ಟು ನನ್ನ ಎರಡೂ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು, ಸುಟ್ಟಿದೆಯೋ ಎಂದು. ಆಮೇಲೆ, "ಎಲ್ಲವನ್ನೂ 'ಬಿಡಿ' ಎಂದು ಹೇಳಿದೆನೇ ಹೊರತು ಯಾವುದನ್ನೂ ನಿಮಗೆ ತೋರಿಸಿ ಕೊಡಲಿಲ್ಲ" ಎಂದಳು. ಅವಳ ಮಾತು ಸರಿಯಾಗಿತ್ತು. ನಾನೂ ಕೇಳಿರಲಿಲ್ಲ. ಗೊತ್ತಿಲ್ಲವೆಂದು ಹೇಳಲು ನನಗೂ ನಾಚಿಕೆಯಿತ್ತು.

ಬುಧವಾರ ಬಂದ ರಿಪೇರಿಯವರು ಅರುವತ್ತು ದಾಟಿದ ಮನುಷ್ಯ. ಸ್ವಿಚ್ ಆರಿಸಿದೆಯೆಂದು ನಾವು ಹೇಳಿದರೂ ನಂಬದೆ ತಮ್ಮ ಮೀಟರಿನಿಂದ ಕರೆಂಟು ಇಲ್ಲವೆಂದು ನೋಡಿಕೊಂಡೇ ಕೈ ಹಾಕಿದರು. ಒಲೆಯನ್ನು ಗೋಡೆಯಿಂದ ಮುಂದಕ್ಕೆ ಎಳೆದು ಹಿಂದಿನ ತಗಡನ್ನು ಬಿಚ್ಚಿದರು. ಮಗಳು ನನ್ನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿ ಅವರು ಹೇಳಿದ್ದನ್ನು ಒಂದೊಂದಾಗಿ ತಿಳಿಸಿದಳು. ಮೊದಲು ಶಾಖದ ಕಡ್ಡಿಯನ್ನು ಮೀಟರಿಗೆ ಹಿಡಿದರು. ತಣ್ಣಗಿರುವಾಗ ಆ ಬಗೆಯ ಕಡ್ಡಿ ಸುಮಾರು 1,080 ಓಮ್ ತೋರಿಸಬೇಕಂತೆ. ಅದು ಸರಿಯಿತ್ತು. ಮೋಟಾರೂ ಸರಿಯಿತ್ತು. ನನಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯಾಯಿತು. ದೋಷವಿದ್ದದ್ದು ಶರಟಿನ ಗುಂಡಿಯಷ್ಟು ಚಿಕ್ಕ ಸ್ವಿಚ್ಚಿನಲ್ಲಿ. ಅದರ ತೆಳ್ಳಗಿನ ಎಲೆ ಬಾಗಿ ನಿಂತುಬಿಟ್ಟಿತ್ತು. ಒಳ್ಳೆಯ ಸ್ವಿಚ್ಚನ್ನು ಒತ್ತಿದರೆ 'ಟಿಕ್' ಎನ್ನುತ್ತದೆ, ಇದು ಮೌನ. ಕೊಕ್ಕೆ ಮನೆಗೆ ಹಿಂತಿರುಗಿದರೂ ಬಂತು ಎಂದು ಹೇಳುವವರಿಲ್ಲ. ಅದಕ್ಕೇ ಯಂತ್ರ ನಡುರಾತ್ರಿ ಕೂಗಿದ್ದು.

"ಯಾರಾದರೂ ಬಾಗಿಲನ್ನು ಎಳೆದಿರಾ?" ಎಂದು ಅವರು ಕೇಳಿದರು. ಮಗಳು ನನ್ನ ಮುಖ ನೋಡಿದಳು. ನಾನು ಕೈ ಎತ್ತಿದೆ. ಅವರು ನಕ್ಕು, "ಶಾಖವೂ ಕಾರಣ, ಎಳೆದದ್ದೂ ಕಾರಣ. ಇದು ವಾರಕ್ಕೊಂದು ಮನೆಯಲ್ಲಿ ನೋಡುವ ಕಥೆ" ಎಂದರು. ಬೀಗದ ಭಾಗವನ್ನೇ ಹೊಸದು ಹಾಕಿ ಒಂದು ಗಂಟೆಯೊಳಗೆ ಮುಗಿಸಿದರು. ಹೋಗುವ ಮೊದಲು ಕೆಲವು ಮಾತು ಹೇಳಿದರು. ಅದನ್ನು ಮಗಳು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಫ್ರಿಡ್ಜಿಗೆ ಅಂಟಿಸಿದಳು. ವಿದೇಶದಲ್ಲಿರುವ ಸಹೋದರಿಯರಿಗೂ, ಅಲ್ಲಿಗೆ ಬಾಣಂತನಕ್ಕೆ ಹೋಗುವ ತಾಯಂದಿರಿಗೂ ಉಪಯೋಗವಾಗಬಹುದೆಂದು ಇಲ್ಲಿ ಕೊಡುತ್ತೇನೆ.

ಸೆಲ್ಫ್ ಕ್ಲೀನ್ ಹಾಕುವ ಮೊದಲು ಓವನ್ ಪೂರ್ತಿ ಖಾಲಿ ಇರಬೇಕು. ಪಾತ್ರೆ, ಅಲ್ಯೂಮಿನಿಯಂ ಹಾಳೆ ಯಾವುದೂ ಇರಬಾರದು. ಪುಸ್ತಕ ಬೇರೆ ಹೇಳದಿದ್ದರೆ ಸರಳುಗಳನ್ನೂ ತೆಗೆಯಬೇಕು. ತಳದಲ್ಲಿ ಎಣ್ಣೆ, ನೆಣ ಚೆಲ್ಲಿದ್ದರೆ ಮೊದಲು ಕೈಯಿಂದ ಒರೆಸಿ ತೆಗೆಯಬೇಕು, ಇಲ್ಲವಾದರೆ ಅದೇ ಬೆಂಕಿಗೆ ಎಣ್ಣೆ. ಫ್ಯಾನ್ ಹಾಕಿ, ಕಿಟಕಿ ತೆರೆದು, ಮಕ್ಕಳನ್ನು ದೂರವಿಟ್ಟು, ಮನೆಯಲ್ಲಿ ದೊಡ್ಡವರು ಇರುವಾಗ ಮಾತ್ರ ಹಾಕಬೇಕು. ಗಿಳಿಯಂತಹ ಸಾಕುಹಕ್ಕಿಗಳಿದ್ದರೆ ಮೊದಲೇ ಬೇರೆ ಕಡೆಗೆ ಒಯ್ಯಬೇಕು. ಆ ಹೊಗೆ, ಅದರಲ್ಲೂ ನಾನ್‌ಸ್ಟಿಕ್ ಲೇಪ ಅತಿಯಾಗಿ ಕಾದಾಗ ಬರುವ ಆವಿ, ಹಕ್ಕಿಗಳ ಜೀವ ತೆಗೆಯುತ್ತದೆ. ಹಬ್ಬದ ಮುನ್ನಾದಿನ, ನೆಂಟರು ಬರುವ ಹಿಂದಿನ ದಿನ ಎಂದಿಗೂ ಹಾಕಬಾರದು. ಕೆಡುವುದಾದರೆ ಅಂದೇ ಕೆಡುತ್ತದೆ.

ಬೀಗ ಬಿದ್ದ ಬಾಗಿಲು ತೆರೆಯದಿದ್ದರೆ ಮೊದಲ ಮದ್ದು ಕಾಯುವುದು. ಪೂರ್ತಿ ತಣಿದ ಮೇಲೂ ತೆರೆಯದಿದ್ದರೆ ಸ್ವಿಚ್ ಪೆಟ್ಟಿಗೆಯಲ್ಲಿ ಕರೆಂಟು ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿ ನೋಡಬಹುದು. ಬಾಗಿಲನ್ನು ಎಳೆಯದೆ ಒಳಕ್ಕೆ ಒತ್ತಿ ಹಿಡಿಯಬಹುದು. ಅದಕ್ಕೂ ಬಗ್ಗದಿದ್ದರೆ ಬಲ್ಲವರನ್ನು ಕರೆಯಬೇಕು. ಹಿಂದಿನ ತಗಡು ಬಿಚ್ಚುವುದು ನಮ್ಮ ಕೆಲಸವಲ್ಲ. ಚೂರಿ, ಸ್ಕ್ರೂಡ್ರೈವರ್ ತುರುಕುವುದಂತೂ ಯಾರ ಕೆಲಸವೂ ಅಲ್ಲ.

ಊರಿಗೆ ಬಂದ ಮೇಲೆ ಈ ಪಾಠ ನನಗೆ ಇನ್ನೊಮ್ಮೆ ಉಪಕಾರಕ್ಕೆ ಬಂತು. ಸೊಸೆ ಮುಂದಿನಿಂದ ಬಾಗಿಲು ತೆರೆಯುವ ಬಟ್ಟೆ ಒಗೆಯುವ ಯಂತ್ರದ ಎದುರು ನಿಂತು ಹಿಡಿಯನ್ನು ಎಳೆಯುತ್ತಿದ್ದಳು. "ಎಳೆಯಬೇಡ. ಅದು ಯಾಕೆ ಬಿಡುತ್ತಿಲ್ಲ ನೋಡು" ಎಂದೆ. ಆ ಯಂತ್ರದ ಬೀಗ ಒಗೆತ ಮುಗಿದ ಮೇಲೂ ಒಂದೆರಡು ನಿಮಿಷ ಬಿಡುವುದಿಲ್ಲ. ಒಳಗೆ ನೀರು ಉಳಿದಿದ್ದರಂತೂ ಬಿಡುವುದೇ ಇಲ್ಲ, ಬಿಟ್ಟರೆ ನೀರೆಲ್ಲಾ ನೆಲಕ್ಕೆ. ಕೆಳಗಿನ ಸಣ್ಣ ಮುಚ್ಚಳ ತೆರೆದು ನೀರು ಬಸಿದು ನೋಡಿದರೆ ಜಾಲರಿಯಲ್ಲಿ ಮೊಮ್ಮಗನ ಕಾಲುಚೀಲ ಮತ್ತು ಒಂದು ನಾಣ್ಯ! ತೆಗೆದು ಹಾಕಿದ ಮೇಲೆ ಬಾಗಿಲು ತಾನೇ ತೆರೆಯಿತು. ಅಂದೇ ಸೊಸೆಗೆ ನಮ್ಮ ಮನೆಯ ಮೇನ್ ಸ್ವಿಚ್ ಎಲ್ಲಿದೆ, ಹೇಗೆ ಆರಿಸುವುದು ಎಂದೂ ತೋರಿಸಿದೆ. ದಿನವಿಡೀ ಈ ಯಂತ್ರಗಳ ಜೊತೆ ಕೆಲಸ ಮಾಡುವವರು ನಾವು. ಅದು ಗಂಡಸರ ವಿಷಯವೆಂದು ಬಿಟ್ಟರೆ, ಅವರು ಮನೆಯಲ್ಲಿಲ್ಲದ ಹೊತ್ತಿಗೆ ನಮ್ಮ ಕೈಯಲ್ಲಿ ಉಳಿಯುವುದು ಚೂರಿಯೊಂದೇ.

ಇನ್ನು ಕಾವಲಿಯ ಮಾತು. ಅದನ್ನು ಬಿಸಾಡಲು ಮನಸ್ಸು ಬರಲಿಲ್ಲ. ತೊಳೆದು, ಒಣಗಿಸಿ, ಎಣ್ಣೆ ಸವರಿ, ಅರ್ಧ ಈರುಳ್ಳಿಯಿಂದ ಉಜ್ಜಿ, ಕಾಯಿಸಿ ಆರಿಸಿದೆ. ದಿನಾ ಹೀಗೆ ಮಾಡಿದೆ. ಮೊದಲ ದಿನದ ನೀರುದೋಸೆ ಕಿತ್ತು ಚೂರಾಯಿತು. ಎರಡನೇ ದಿನವೂ ಹಾಗೆಯೇ. ಬಾಣಂತಿಗೆ ಚೂರು ದೋಸೆಯನ್ನೇ ಕೋಳಿ ಸಾರಿನಲ್ಲಿ ಹಾಕಿ ಕೊಟ್ಟೆ. ನಲುವತ್ತು ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ದೋಸೆ ಅಂಚಿನಿಂದ ತಾನಾಗಿಯೇ ಎದ್ದು ಬಂತು. ಬಲವಂತ ಮಾಡಬೇಕಾಗಲಿಲ್ಲ. ಮಗಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಒಲೆಯ ಪಕ್ಕ ನಿಂತಿದ್ದಳು. "ಮುಂದಿನದ್ದು ನಾನು ಹೊಯ್ಯುತ್ತೇನೆ, ತೋರಿಸಿ ಕೊಡಿ ಉಮ್ಮಾ" ಎಂದಳು. ನಾನು ಮಗುವನ್ನು ಎತ್ತಿಕೊಂಡು ಸೌಟನ್ನು ಅವಳ ಕೈಗೆ ಕೊಟ್ಟೆ.